ದೇವರಾಯನದುರ್ಗ, ಕೊರಟಗೆರೆ ಕಡೆ ಮೌಂಟನ್ ಬೈಕಿಗೆ ಮಣ್ಣುದಾರಿ: ಗೊತ್ತಿದ್ದವರು ಹೇಳಿ

ಕ್ಯಾತ್ಸಂದ್ರ ಕ್ರ್ಯಾಂಕ್

ಎಲ್ಲರಿಗೂ ನಮಸ್ಕಾರ. ಸಂಕ್ರಾಂತಿ ಕಳೆದ ಮೇಲೆ ಬರುವ ಶನಿವಾರ, ಭಾನುವಾರ ನಾವು ನಾಲ್ಕು ಜನ ತುಮಕೂರಿನಿಂದ ಸೈಕಲ್‌ನಲ್ಲಿ ಹೊರಡಬೇಕು ಅಂದುಕೊಂಡಿದ್ದೇವೆ. ನಾಲ್ಕೂ ಮೌಂಟನ್ ಬೈಕ್. ಹಿಂದೆ ಸಸ್ಪೆನ್ಷನ್ ಇಲ್ಲ, ಮುಂದೆ ಮಾತ್ರ 100 ಮಿಲಿಮೀಟರ್. ಇಷ್ಟು ದಿನ ಟಾರು ರಸ್ತೆಯಲ್ಲೇ ತುಳಿದಿದ್ದೇವೆ. ದುರ್ಗ ಹತ್ತುವುದು, ಇಳಿಯುವುದು, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಮನೆ ಸೇರುವುದು. ಇದನ್ನೇ ಮಾಡೋದಾದರೆ ಆ ದಪ್ಪ ಟೈರಿನ ಸೈಕಲ್ ಯಾಕೆ ಬೇಕಿತ್ತು ಅಂತ ಮನೆಯಲ್ಲಿ ಕೇಳುತ್ತಿದ್ದಾರೆ.

ಮನಸ್ಸಿನಲ್ಲಿರುವ ದಾರಿ ಹೀಗಿದೆ. ಮೊದಲ ದಿನ ಬೆಳಗುಂಬದ ಮೇಲೆ ನಾಮದ ಚಿಲುಮೆ, ಅಲ್ಲಿಂದ ದೇವರಾಯನದುರ್ಗ, ಆ ಕಡೆ ಊರ್ಡಿಗೆರೆಗೆ ಇಳಿದು ಗೊರವನಹಳ್ಳಿ, ರಾತ್ರಿಗೆ ಕೊರಟಗೆರೆ. ಎರಡನೇ ದಿನ ಸಿದ್ದರಬೆಟ್ಟದ ಬುಡ, ತೋವಿನಕೆರೆ, ವಾಪಸ್ ತುಮಕೂರು. ಟಾರು ಎಷ್ಟು ಕಡಿಮೆ ಆಗುತ್ತದೋ ಅಷ್ಟು ಒಳ್ಳೆಯದು.

ಉಪಗ್ರಹ ನಕ್ಷೆಯಲ್ಲಿ ನೋಡಿದರೆ ನಾಮದ ಚಿಲುಮೆ ಸುತ್ತ ಕಾಡಿನೊಳಗೆ ಸಣ್ಣ ಸಣ್ಣ ಗೆರೆಗಳು ಕಾಣುತ್ತವೆ. ಸವಾರರು ಓಡಾಡಿದ ದಾರಿ ತೋರಿಸುವ ಸ್ಟ್ರಾವಾ ಆಪ್‌ನ ಹೀಟ್‌ಮ್ಯಾಪ್‌ನಲ್ಲೂ ಒಂದೆರಡು ಹೊಳೆಯುತ್ತಿವೆ. ಅದರಲ್ಲಿ ಸೈಕಲ್ ಬಿಡಬಹುದಾ?

ಗರಸುದಾರಿ

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಬೇಡ. ನೀವು ಹೇಳಿದ ಗೆರೆಗಳು ಇರುವುದು ದೇವರಾಯನದುರ್ಗ ರಾಜ್ಯ ಅರಣ್ಯದಲ್ಲಿ. ಮೀಸಲು ಅರಣ್ಯಕ್ಕೆ ಅನುಮತಿ ಇಲ್ಲದೆ ಕಾಲಿಟ್ಟರೆ ಕರ್ನಾಟಕ ಅರಣ್ಯ ಕಾಯ್ದೆ 1963ರ ಪ್ರಕಾರ ಅಪರಾಧ. ಕಾಲಿಗೂ ಅದೇ, ಚಕ್ರಕ್ಕೂ ಅದೇ. ಹೀಟ್‌ಮ್ಯಾಪ್‌ನಲ್ಲಿ ಹೊಳೆಯುತ್ತಿದೆ ಅಂದರೆ ಯಾರೋ ಹೋಗಿದ್ದಾರೆ ಅಂತ ಅಷ್ಟೇ. ಅದರಲ್ಲಿ ಅರ್ಧ ಗಸ್ತು ಸಿಬ್ಬಂದಿಯ ಫೋನು ಇದ್ದರೂ ಇರಬಹುದು.

ಟಾರು ರಸ್ತೆಗೆ ತೊಂದರೆ ಇಲ್ಲ. ಬೆಳಗುಂಬ, ನಾಮದ ಚಿಲುಮೆ, ದುರ್ಗ, ಊರ್ಡಿಗೆರೆ, ಇದು ಸಾರ್ವಜನಿಕ ರಸ್ತೆ. ಎರಡೂ ಕಡೆ ಕಾಡು. ನೋಡಿಕೊಂಡು ಹೋಗಿ, ಕೆಳಗೆ ಇಳಿಯಬೇಡಿ.

ಈಗ ಒಳ್ಳೆ ಸುದ್ದಿ. ನಿಮಗೆ ಬೇಕಾದ ಮಣ್ಣುದಾರಿ ಕಾಡಿನೊಳಗಿಲ್ಲ. ಕಾಡಿನ ಅಂಚಿಗೆ, ಊರು ಊರಿನ ನಡುವೆ ಇದೆ. ಬಂಡಿ ದಾರಿ, ಕೆರೆ ಏರಿ, ಗೋಮಾಳ, ತೋಟದ ಸಂದಿ. ಊರ್ಡಿಗೆರೆಯಿಂದ ಕೊರಟಗೆರೆ ತನಕ ಜಯಮಂಗಲಿ ನದಿಯ ಅಕ್ಕಪಕ್ಕ ಹುಡುಕಿ ನೋಡಿ. ದುರ್ಗದ ಬೆಟ್ಟದಲ್ಲೇ ಹುಟ್ಟುವ ಈ ನದಿ ಗೊರವನಹಳ್ಳಿ ಹತ್ತಿರ ತೀತಾ ಜಲಾಶಯ ಸೇರಿ ಮುಂದೆ ಮಧುಗಿರಿ ಕಡೆಗೆ ಹೋಗುತ್ತದೆ. ನದಿ ಹೋದ ಕಡೆ ನೆಲ ಸಣ್ಣಗೆ ಇಳಿಯುತ್ತಾ ಹೋಗುತ್ತದೆ. ಬೆಳಿಗ್ಗೆ ದುರ್ಗ ಹತ್ತಿ ಸುಸ್ತಾದ ಕಾಲಿಗೆ ಮಧ್ಯಾಹ್ನ ಅದಕ್ಕಿಂತ ಒಳ್ಳೆ ದಾರಿ ಬೇಡ.

ಬೆಟ್ಟದ ಬ್ರೇಕು

ಇಲ್ಲಿ ಎಲ್ಲರೂ ಹೆದರಿಸೋರೇ. ಬೆಳಿಗ್ಗೆ 5 ಗಂಟೆಗೆ ಹೋದರೆ ಯಾರೂ ಇರುವುದಿಲ್ಲ. ಕಾಡಿನ ಕಾಲುದಾರಿ ಬಿಟ್ಟು ಹೊಲದ ದಾರಿಯಲ್ಲಿ ಹೋಗಿ ಅನ್ನೋದು ಮೌಂಟನ್ ಬೈಕಿಂಗ್ ಅಲ್ಲ, ಹಾಲಿನ ಡೈರಿಗೆ ಹೋಗೋದು. ಕಲ್ಲು, ಬೇರು, ತಿರುವು ಇರಬೇಕು. ಅದು ಕಾಡಲ್ಲೇ ಸಿಗೋದು.

ಊರ್ಡಿಗೆರೆ ಕಾವಲು

5 ಗಂಟೆಗೆ ಯಾರೂ ಇರುವುದಿಲ್ಲ ಅಂದಿರಲ್ಲ. ಇರುತ್ತಾರೆ. ಕರಡಿ ಇರುತ್ತದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸುಮ್ನೆ ಹೆದರಿಸೋಕಲ್ಲ. ಕರಡಿ ಹಗಲು ಹೊತ್ತು ಬಂಡೆ ಸಂದಿಯಲ್ಲಿ, ಗುಹೆಯಲ್ಲಿ ಮಲಗುತ್ತದೆ. ಕತ್ತಲಾದ ಮೇಲೆ ಹೊರಗೆ ಬಂದು ಗೆದ್ದಲು ಹುತ್ತ ಕೆದಕುತ್ತದೆ, ಹಣ್ಣು ತಿನ್ನುತ್ತದೆ. ಬೆಳಕು ಹರಿಯುವ ಹೊತ್ತಿಗೆ ಗುಡ್ಡಕ್ಕೆ ವಾಪಸ್ ಹೊರಡುತ್ತದೆ. ಅದರ ಮೂಗು ಬಹಳ ಚುರುಕು. ಕಣ್ಣು, ಕಿವಿ ಅಷ್ಟಿಲ್ಲ. ಹುತ್ತಕ್ಕೆ ಮೂತಿ ಇಟ್ಟು ಗೆದ್ದಲು ಹೀರುವಾಗಂತೂ ಪಕ್ಕದಲ್ಲಿ ಏನಾಗುತ್ತಿದೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಮನುಷ್ಯ ತೀರಾ ಹತ್ತಿರ ಬಂದ ಮೇಲೆ ಗೊತ್ತಾದರೆ ಓಡುವುದಿಲ್ಲ, ಮೇಲೆ ಬೀಳುತ್ತದೆ. ಕರಡಿಯಿಂದ ಗಾಯ ಆಗುವುದು ಹೆಚ್ಚಾಗಿ ಹೀಗೆ.

ಈಗ ಸೈಕಲ್ ಲೆಕ್ಕ ಹಾಕಿ. ನಡೆದು ಹೋಗುವವರು ಮಾತಾಡುತ್ತಾ ಹೋಗುತ್ತಾರೆ, ನಿಧಾನ ಹೋಗುತ್ತಾರೆ. ಮೋಟಾರು ಬೈಕು ದೂರದಿಂದಲೇ ಕೇಳಿಸುತ್ತದೆ. ಸೈಕಲ್ ಎರಡೂ ಅಲ್ಲ. ಸದ್ದಿಲ್ಲ, ಜೊತೆಗೆ ವೇಗ. ಇಳಿಜಾರಿನ ತಿರುವಿನಲ್ಲಿ ಗಂಟೆಗೆ 25 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಏಳು ಮೀಟರ್. ಲಂಟಾನ ಪೊದೆ ಎರಡೂ ಕಡೆ ಆಳೆತ್ತರ. ನೀವು ಕಾಣುವ ಹೊತ್ತಿಗೆ ಮುಗಿದಿರುತ್ತದೆ.

ಹಾಗಾಗಿ ಅಂಚಿನ ದಾರಿಯಲ್ಲಿ ಹೋದರೂ ಎರಡು ವಿಷಯ ನೆನಪಿಟ್ಟುಕೊಳ್ಳಿ. ಒಂದು, ಹ್ಯಾಂಡಲ್ ಮೇಲೆ ಗಂಟೆ ಇರಲಿ. ಹಳೇ ಕಾಲದ ಟ್ರಿಂಗ್ ಟ್ರಿಂಗ್ ಗಂಟೆ ಆದರೂ ಸರಿ. ಕಣ್ಣಿಗೆ ಕಾಣದ ಪ್ರತಿ ತಿರುವಿಗೂ ಬಾರಿಸಿ. ಎರಡು, ಜನವರಿ ಮಧ್ಯದಲ್ಲಿ ನಮ್ಮ ಕಡೆ ಸೂರ್ಯ ಹುಟ್ಟುವುದು 6:45ರ ಹೊತ್ತಿಗೆ, ಮುಳುಗುವುದು 6:10ರ ಹೊತ್ತಿಗೆ. ಬೆಳಿಗ್ಗೆ 7:30ಕ್ಕೆ ಮೊದಲು, ಸಂಜೆ 5:30ರ ನಂತರ ಗುಡ್ಡದ ಬುಡದಲ್ಲಿ ಇರಬೇಡಿ. ಕರಡಿ ಕಂಡರೆ ಕಿರುಚಬೇಡಿ, ಸೈಕಲ್ ತಿರುಗಿಸಿ ಓಡಬೇಡಿ. ಅದರ ಕಡೆ ಮುಖ ಮಾಡಿಕೊಂಡೇ ನಿಧಾನಕ್ಕೆ ಹಿಂದೆ ಸರಿಯಿರಿ. ಸೈಕಲ್ ನಿಮ್ಮ ಮುಂದೆ ಅಡ್ಡ ಇರಲಿ.

ಚಿರತೆನೂ ಇವೆ. ಅವು ಸಾಮಾನ್ಯವಾಗಿ ನಿಮ್ಮನ್ನು ನೋಡಿ ತಾವೇ ಸರಿದು ಹೋಗುತ್ತವೆ. ಮಬ್ಬು ಹೊತ್ತಿನಲ್ಲಿ ಪಂಚರ್ ಹಾಕೋಕೆ ಅಂತ ಒಬ್ಬರೇ ಬಗ್ಗಿ ಕೂರಬೇಡಿ, ಅಷ್ಟು ಸಾಕು.

ಬೆಟ್ಟದ ಬ್ರೇಕು

ಸರಿ, ಕರಡಿ ವಿಷಯ ಒಪ್ಪಿದೆ. ಆದರೂ ನನ್ನ ತಕರಾರು ಹಾಗೇ ಇದೆ. ಅನುಮತಿ ತೆಗೆದುಕೊಂಡು ಹೋಗೋಣ ಅಂದರೆ ದಾರಿ ಇದೆಯಾ?

ಗರಸುದಾರಿ

ಚಾರಣಕ್ಕೆ ಇದೆ. 2024ರಲ್ಲಿ ಅರಣ್ಯ ಇಲಾಖೆ ‘ಅರಣ್ಯ ವಿಹಾರ’ ಅಂತ ವೆಬ್‌ಸೈಟ್ ಮಾಡಿತು. ಗುರುತಿಸಿದ ಚಾರಣ ದಾರಿಗಳಿಗೆ ಅಲ್ಲಿ ಟಿಕೆಟ್ ಸಿಗುತ್ತದೆ. ಅದು ನಡೆಯುವವರಿಗೆ. ಸೈಕಲ್ ಬಿಡಬೇಕಾದರೆ ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ ಬರವಣಿಗೆಯಲ್ಲಿ ಕೇಳಿ. ಕೊಟ್ಟರೆ ಸರಿ, ಕೊಡದಿದ್ದರೆ ಮುಗೀತು. ಫೆಬ್ರವರಿಯಿಂದ ಏಪ್ರಿಲ್ ಕೇಳಲೇಬೇಡಿ. ಬೆಂಕಿ ಕಾಲ ಅದು, ಹುಲ್ಲೆಲ್ಲಾ ಒಣಗಿ ನಿಂತಿರುತ್ತದೆ.

ಇನ್ನು ಕಲ್ಲು, ತಿರುವು ಹೊಲದ ದಾರಿಯಲ್ಲಿ ಇಲ್ಲ ಅಂದಿರಿ. ಕೊರಟಗೆರೆಯಿಂದ ಚನ್ನರಾಯನದುರ್ಗದ ಕಡೆ ಹೋದವರು ಹೀಗೆ ಹೇಳುವುದಿಲ್ಲ. ಅಲ್ಲಿ ಊರ ದಾರಿಯಲ್ಲೇ ಹಾಸುಬಂಡೆ ಎದ್ದು ನಿಂತಿದೆ. ರಾಮನಗರದಿಂದ ಉತ್ತರಕ್ಕೆ ಮಧುಗಿರಿ, ಪಾವಗಡ ತನಕ ಒಂದು ಪಟ್ಟಿಯ ಹಾಗೆ ಹಬ್ಬಿರುವ ಗ್ರಾನೈಟ್ ಇದು. ರಾಮನಗರಕ್ಕೆ ಮೊದಲು ಕ್ಲೋಸ್‌ಪೇಟೆ ಅಂತ ಹೆಸರಿತ್ತು, ಹಾಗಾಗಿ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಅನ್ನುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ಮಧುಗಿರಿಯ ಏಕಶಿಲಾ ಬೆಟ್ಟ ಇದೇ ಕಲ್ಲು.

ಸೈಕಲ್ ಸವಾರನಿಗೆ ಇದರಿಂದ ಎರಡು ಲಾಭ, ಒಂದು ಕಷ್ಟ. ಒಣ ಹಾಸುಬಂಡೆ ಮೇಲೆ ಟೈರು ಗಟ್ಟಿಯಾಗಿ ಹಿಡಿಯುತ್ತದೆ. ನೋಡೋಕೆ ಕಡಿದಾಗಿದ್ದರೂ ಹತ್ತಬಹುದು. ಮಳೆ ಬಂದು ಹೋದ ಮೇಲೆ ಬೇಗ ಒಣಗುತ್ತದೆ, ಕೆಸರಿಲ್ಲ. ಬಂಡೆ ಮೇಲೆ ನೀರು ಹರಿದ ಕಪ್ಪು ಗೆರೆ ಕಾಣುತ್ತದಲ್ಲ, ಅದರ ಮೇಲೆ ಮಾತ್ರ ಹೋಗಬೇಡಿ. ಅದು ಪಾಚಿ. ಒಣಗಿದ್ದರೂ ನಂಬಬೇಡಿ.

ಕಷ್ಟ ಇರುವುದು ಗರಸಿನಲ್ಲಿ. ಗ್ರಾನೈಟ್ ಬಿಸಿಲು ಮಳೆಗೆ ಸವೆದು ಕಾಳು ಕಾಳಾಗಿ ಉದುರುತ್ತದೆ. ಗಟ್ಟಿ ನೆಲದ ಮೇಲೆ ತೆಳ್ಳಗೆ ಹರಡಿರುತ್ತದೆ. ರಾಗಿ ಚೆಲ್ಲಿದ ಸಿಮೆಂಟು ನೆಲದ ಮೇಲೆ ಓಡಿದ ಹಾಗೆ ಆಗುತ್ತದೆ. ನೇರ ಹೋಗುವಾಗ ಏನೂ ಗೊತ್ತಾಗುವುದಿಲ್ಲ, ತಿರುವಿನಲ್ಲಿ ಮುಂದಿನ ಚಕ್ರ ಸರಕ್ ಅಂತ ಜಾರುತ್ತದೆ. ಬ್ರೇಕು ತಿರುವಿಗೆ ಮೊದಲೇ ಮುಗಿಸಿ. ತಿರುವಿನೊಳಗೆ ಮುಂದಿನ ಬ್ರೇಕು ಮುಟ್ಟಬೇಡಿ. ದೇಹವನ್ನಲ್ಲ, ಸೈಕಲ್ಲನ್ನು ಒಳಗೆ ವಾಲಿಸಿ ಹೊರಗಿನ ಪೆಡಲ್ ಮೇಲೆ ಭಾರ ಹಾಕಿ.

ನಕಾಶೆ ನಾಣಿ

ದಾರಿ ಹುಡುಕೋದು ಹೇಗೆ ಅಂತ ಯಾರೂ ಹೇಳಲಿಲ್ಲ. ಗೂಗಲ್ ಮ್ಯಾಪ್ ಬಿಡಿ. ಅದು ಮನೆ ಬಾಗಿಲಿಗೆ ಹೋಗುವ ದಾರಿಯನ್ನೂ ರಸ್ತೆ ಅನ್ನುತ್ತದೆ, ತಲೆತಲಾಂತರದ ಬಂಡಿ ದಾರಿಯನ್ನು ತೋರಿಸುವುದೇ ಇಲ್ಲ.

ನಾನು ಬಳಸುವುದು ಗ್ರಾಮ ನಕಾಶೆ. ಪ್ರತಿ ಊರಿಗೂ ಒಂದೊಂದು ಇದೆ, ಭೂದಾಖಲೆ ಇಲಾಖೆಯ ವೆಬ್‌ಸೈಟಿನಲ್ಲಿ ಸಿಗುತ್ತದೆ. ಅದರಲ್ಲಿ ಜೋಡಿ ತುಂಡುಗೆರೆ ಇದ್ದರೆ ಬಂಡಿ ದಾರಿ, ಒಂಟಿ ತುಂಡುಗೆರೆ ಇದ್ದರೆ ಕಾಲುದಾರಿ. ಬಂಡಿ ದಾರಿ ಅಂದರೆ ಎತ್ತಿನ ಗಾಡಿ ಹೋಗುತ್ತಿದ್ದ ದಾರಿ. ಎತ್ತು ಹತ್ತಿದ ಏರು ನೀವೂ ಹತ್ತಬಹುದು ಅಂತ ಲೆಕ್ಕ. ಅದಕ್ಕಿಂತ ಮುಖ್ಯ, ನಕಾಶೆಯಲ್ಲಿ ಇರುವ ದಾರಿ ಊರಿನ ದಾರಿ. ಯಾರದೋ ಪಟ್ಟಾ ಜಮೀನಿನೊಳಗೆ ನುಗ್ಗಿದ ಹಾಗೆ ಆಗುವುದಿಲ್ಲ.

ದಾರಿಯಲ್ಲಿ ಇರುವಾಗ ದಿಶಾಂಕ್ ಆಪ್ ತೆರೆಯಿರಿ. ನೀವು ನಿಂತಿರುವ ಜಾಗ ಯಾವ ಸರ್ವೆ ನಂಬರ್ ಅಂತ ತೋರಿಸುತ್ತದೆ. ಜಮೀನು ಕೊಳ್ಳುವವರು ನೋಡುವ ಆಪ್ ಅದು. ನಮಗೆ ಸಿಂಗಲ್ ಟ್ರ್ಯಾಕ್, ಅಂದರೆ ಒಂದೇ ಸೈಕಲ್ ಹಿಡಿಸುವ ಕಿರುದಾರಿ, ಹುಡುಕಲು ಉಪಯೋಗ ಆಗುತ್ತದೆ ಅಂತ ಮಾಡಿದವರಿಗೂ ಗೊತ್ತಿರಲಿಕ್ಕಿಲ್ಲ. ‘ಬಿ’ ಖರಾಬು ಅಂತ ಇದ್ದರೆ ಸಾರ್ವಜನಿಕ ಜಾಗ, ಅಂದರೆ ದಾರಿ, ಹಳ್ಳ, ಇಂಥದ್ದು. ಕಾಡಿನ ಗಡಿಯ ಹತ್ತಿರ ಇರುವ ಸರ್ವೆ ನಂಬರ್ ಆದರೆ ಊರಿನವರನ್ನು ಕೇಳಿ. ಗಡಿ ಕಲ್ಲು ಎಲ್ಲಿದೆ ಅಂತ ಕುರಿ ಕಾಯುವವರಿಗೆ ಪಕ್ಕಾ ಗೊತ್ತಿರುತ್ತದೆ.

ಏರು ಇಳಿತಕ್ಕೆ ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆ ನೋಡಿ. ಅದರಲ್ಲಿ ಎರಡು ಎತ್ತರದ ಗೆರೆಗಳ ನಡುವೆ 20 ಮೀಟರ್ ಅಂತರ. ಗೆರೆ ಒತ್ತೊತ್ತಾಗಿದ್ದರೆ ಸೈಕಲ್ ಹೊತ್ತುಕೊಂಡು ಹೋಗಬೇಕು.

ಒಂದು ಎಚ್ಚರಿಕೆ. ನಕಾಶೆ ಹಳೆಯದು. ಕೆಲವು ದಾರಿ ಈಗ ಒತ್ತುವರಿ ಆಗಿ ಅಡಿಕೆ ತೋಟ ಆಗಿದೆ. ಎತ್ತಿನಹೊಳೆ ಕಾಲುವೆ ಅಗೆದ ಕಡೆ ದಾರಿ ತುಂಡಾಗಿದೆ. ದಾರಿ ಇಲ್ಲ ಅಂದರೆ ವಾದ ಮಾಡೋಕೆ ಹೋಗಬೇಡಿ. ನೀವು ಬಂದಿರುವುದು ಸೈಕಲ್ ತುಳಿಯೋಕೆ, ತಹಶೀಲ್ದಾರ್ ಕೆಲಸ ಮಾಡೋಕಲ್ಲ.

ಕ್ಯಾತ್ಸಂದ್ರ ಕ್ರ್ಯಾಂಕ್

ದಿಶಾಂಕ್ ವಿಷಯ ಹೊಳೆದೇ ಇರಲಿಲ್ಲ. ಈಗಲೇ ಹಾಕಿಕೊಂಡೆ. ಊರ್ಡಿಗೆರೆಯಿಂದ ಆಚೆ ಜೋಡಿ ತುಂಡುಗೆರೆ ಬೇಕಾದಷ್ಟು ಕಾಣುತ್ತಿದೆ!

ತೀತಾ ಕಡೆಯವನು

ನಾನು ಸೈಕಲ್ ಸವಾರ ಅಲ್ಲ, ಬೇಸಾಯಗಾರ. ನಮ್ಮ ತೋಟದ ಪಕ್ಕದ ದಾರಿಯಲ್ಲಿ ಹೆಲ್ಮೆಟ್ ಹಾಕಿಕೊಂಡು ಹೋಗುವವರನ್ನು ನೋಡುತ್ತಿರುತ್ತೇನೆ. ಬನ್ನಿ, ಬೇಡ ಅನ್ನುವುದಿಲ್ಲ. ಆದರೆ ಕೆಲವು ಮಾತು ಹೇಳಬೇಕು.

ದಾರಿಗೆ ಅಡ್ಡ ಹಾಕಿದ ಉಣುಗೋಲು ತೆಗೆದರೆ ಮತ್ತೆ ಹಾಕಿ. ಮುಚ್ಚಿದ್ದರೆ ಮುಚ್ಚಿ, ತೆರೆದಿದ್ದರೆ ಹಾಗೇ ಬಿಡಿ. ದನ ಒಳಗೆ ನುಗ್ಗಿ ಸೇವಂತಿಗೆ ತಿಂದರೆ ನಷ್ಟ ಕಟ್ಟಿಕೊಡುವವರು ಯಾರು?

ಬದುವಿನ ಮೇಲೆ ಸೈಕಲ್ ಬಿಡಬೇಡಿ. ನಿಮಗೆ ಅದು ಸಪೂರ ದಾರಿ ಹಾಗೆ ಕಾಣುತ್ತದೆ, ಚೆನ್ನಾಗಿರುತ್ತದೆ. ನಮಗೆ ಅದು ನೀರು ನಿಲ್ಲಿಸುವ ಬದು. ಚಕ್ರದ ಗೆರೆ ಬಿದ್ದ ಕಡೆ ಮಳೆ ನೀರು ಕೊರೆದುಕೊಂಡು ಹೋಗುತ್ತದೆ. ಹನಿ ನೀರಾವರಿ ಪೈಪು ಅಡ್ಡ ಬಂದರೆ ಇಳಿದು ಸೈಕಲ್ ಎತ್ತಿಕೊಂಡು ದಾಟಿ. ಒಂದು ಕಡೆ ಒಡೆದರೆ ಸಾಲಿಗೆ ಸಾಲೇ ಒಣಗುತ್ತದೆ.

ನೀವು ಬರುವುದು ಸಂಕ್ರಾಂತಿ ಆದ ಮೇಲೆ. ಆಗ ಒಕ್ಕಣೆ ನಡೆಯುತ್ತಿರುತ್ತದೆ. ರಾಗಿ, ಹುರುಳಿ, ಅವರೆ ಎಲ್ಲ ರಸ್ತೆಗೆ ಹರಡಿರುತ್ತೇವೆ. ರಸ್ತೆಯಲ್ಲಿ ಹರಡುವುದು ತಪ್ಪು ಅಂತ ಹೇಳಬೇಡಿ, ಅದು ನಮಗೂ ಗೊತ್ತು, ಕಣ ಇಲ್ಲ. ರಾಗಿ ಮೇಲೆ ಹೋಗಿ, ಪರವಾಗಿಲ್ಲ, ಇನ್ನೂ ಒಳ್ಳೆಯದೇ. ಹುರುಳಿ ಮೇಲೆ ಮಾತ್ರ ಬೇಡ. ಬಳ್ಳಿ ಸೈಕಲ್ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ. ಹೋದ ವರ್ಷ ಒಬ್ಬರ ಗೇರು ಕಿತ್ತುಕೊಂಡು ಬಂತು. ನಮ್ಮ ಟ್ರ್ಯಾಕ್ಟರಿನಲ್ಲೇ ಕೊರಟಗೆರೆಗೆ ಬಿಟ್ಟು ಬಂದೆವು.

ಕೊನೆಯದು, ಇದನ್ನು ಸರಿಯಾಗಿ ಕೇಳಿಸಿಕೊಳ್ಳಿ. ಕತ್ತಲಾದ ಮೇಲೆ ಹೊಲದ ಅಂಚಿನಲ್ಲಿ ಬರಬೇಡಿ. ಹಂದಿ ಕಾಟಕ್ಕೆ ಕೆಲವರು ಬೇಲಿಗೆ ಕರೆಂಟು ಕೊಡುತ್ತಾರೆ. ಸೋಲಾರ್ ಬೇಲಿ ಆದರೆ ಚುರುಕ್ ಅಂದು ಬಿಡುತ್ತದೆ. ಮೇನ್ ಲೈನಿನಿಂದ ನೇರ ಎಳೆದಿದ್ದರೆ ಪ್ರಾಣ ಹೋಗುತ್ತದೆ. ಅದು ಕಾನೂನಿಗೆ ವಿರುದ್ಧ, ಆದರೂ ನಡೆಯುತ್ತದೆ. ಹಗಲಲ್ಲೂ ತಂತಿ ಮುಟ್ಟಬೇಡಿ.

ಗರಸುದಾರಿ

ಈ ಪೋಸ್ಟನ್ನು ಮೇಲೆ ಪಿನ್ ಮಾಡಬೇಕು. ನಿರ್ವಾಹಕರು ಗಮನಿಸಿ.

ಪಂಚರ್ ಪುರಾಣ

ಹುರುಳಿ ವಿಷಯ ನೂರಕ್ಕೆ ನೂರು ನಿಜ. ಬಳ್ಳಿ ಸುತ್ತಿಕೊಂಡಾಗ ಪೆಡಲ್ ಬಿಗಿಯಾಯಿತು ಅಂತ ಇನ್ನೂ ಜೋರಾಗಿ ತುಳಿದರೆ ಡಿರೇಲರ್ ಹ್ಯಾಂಗರ್, ಅಂದರೆ ಹಿಂದಿನ ಗೇರು ಬದಲಿಸುವ ಭಾಗವನ್ನು ಫ್ರೇಮಿಗೆ ಹಿಡಿದಿಡುವ ಕೊಂಡಿ, ಮುರಿಯುತ್ತದೆ. ಬಿಗಿ ಅನ್ನಿಸಿದ ತಕ್ಷಣ ನಿಲ್ಲಿಸಿ. ಹಿಂದಕ್ಕೆ ತುಳಿದು ಬಿಡಿಸಿ. ನಿಮ್ಮ ಸೈಕಲ್ಲಿಗೆ ಹೊಂದುವ ಬಿಡಿ ಹ್ಯಾಂಗರ್ ಒಂದು ಜೇಬಿನಲ್ಲಿ ಇರಲಿ. ಅಂಗೈಯಷ್ಟೂ ಇರುವುದಿಲ್ಲ ಅದು, ಆದರೆ ಒಂದು ಸೈಕಲ್ಲಿನದು ಇನ್ನೊಂದಕ್ಕೆ ಕೂರುವುದಿಲ್ಲ. ಕೊರಟಗೆರೆ ಅಂಗಡಿಯಲ್ಲಿ ಸಿಗುತ್ತದೆ ಅಂದುಕೊಳ್ಳಬೇಡಿ.

ಈಗ ನನ್ನ ಹೆಸರಿನ ವಿಷಯಕ್ಕೆ ಬರೋಣ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ನಮ್ಮ ಈ ಮೂರು ಜಿಲ್ಲೆಗೂ ಮುಖ್ಯ ಶತ್ರು ಕರಡಿ ಅಲ್ಲ, ಮುಳ್ಳು. ಬಳ್ಳಾರಿ ಜಾಲಿ, ಕಾರೆ, ನೆಗ್ಗಿಲು. ಜಾಲಿ ಮುಳ್ಳು ಬೇಲಿಗೆ ಅಂತ ಕಡಿದು ದಾರಿ ಪಕ್ಕ ಎಳೆದಿರುತ್ತಾರೆ, ಒಣಗಿದ ಮೇಲೆ ಅದು ಮೊಳೆ. ನೆಗ್ಗಿಲು ಹೇಗೆ ಬಿದ್ದರೂ ಒಂದು ಮುಳ್ಳು ಮೇಲೆ ನೋಡುತ್ತದೆ.

ಸಾಧ್ಯವಾದರೆ ಟ್ಯೂಬ್‌ಲೆಸ್ ಮಾಡಿಸಿ. ಒಳಗೆ ಸೀಲೆಂಟ್ ದ್ರವ ಹಾಕಿದರೆ ಇಂಥ ಸಣ್ಣ ತೂತು ತಾನೇ ಮುಚ್ಚಿಕೊಳ್ಳುತ್ತದೆ. ನಮ್ಮ ಬಿಸಿಲಿಗೆ ಆ ದ್ರವ ಎರಡು ಮೂರು ತಿಂಗಳಲ್ಲಿ ಒಣಗುತ್ತದೆ. ದೀಪಾವಳಿಗೆ ಹಾಕಿಸಿದ್ದರೆ ಹೊರಡುವ ಮೊದಲು ಒಮ್ಮೆ ನೋಡಿ. ಮುಳ್ಳು ಚುಚ್ಚಿದ್ದು ಕಂಡರೆ ತಕ್ಷಣ ಕೀಳಬೇಡಿ. ಗಾಳಿ ಹೋಗುತ್ತಿಲ್ಲ ಅಂದರೆ ಅದೇ ಬಿರಡೆ, ಇರಲಿ ಬಿಡಿ. ಗಾಳಿ ಹೋಗುತ್ತಿದ್ದರೆ ಕಿತ್ತು, ತೂತನ್ನು ಕೆಳಗೆ ಮಾಡಿ ಚಕ್ರ ತಿರುಗಿಸಿ.

ಗಾಳಿ ಎಷ್ಟು? 65ರಿಂದ 75 ಕೆಜಿ ತೂಕದವರಿಗೆ, 2.25 ಇಂಚಿನ ಟ್ಯೂಬ್‌ಲೆಸ್ ಟೈರಿಗೆ 22ರಿಂದ 26 ಪಿಎಸ್‌ಐ ಸಾಕು. ಟ್ಯೂಬ್ ಇದ್ದರೆ 28ರಿಂದ 32. ಮುಂದಕ್ಕಿಂತ ಹಿಂದೆ ಒಂದೆರಡು ಜಾಸ್ತಿ. ಪಂಚರ್ ಅಂಗಡಿಯವರು ಕಲ್ಲಿನ ಹಾಗೆ ತುಂಬಿಸಿ ಕಳಿಸುತ್ತಾರೆ, ಗರಸಿನಲ್ಲಿ ಹಾಗೆ ಹೋದರೆ ನೆಲದ ಮೇಲೆ ನಿಲ್ಲುವುದೇ ಕಷ್ಟ. ಟ್ಯೂಬ್‌ನಲ್ಲಿ ತೀರಾ ಕಡಿಮೆ ಮಾಡಿದರೂ ಕಲ್ಲಿಗೆ ಹೊಡೆದಾಗ ಟ್ಯೂಬು ರಿಮ್ಮಿಗೆ ಸಿಕ್ಕಿ ಹಾವು ಕಚ್ಚಿದ ಹಾಗೆ ಎರಡು ತೂತು ಬೀಳುತ್ತದೆ.

ಮಂದರಗಿರಿ ಮಗಳು

ಹೆಣ್ಣುಮಕ್ಕಳೂ ಓಡಿಸುತ್ತೇವೆ, ಸ್ವಲ್ಪ ನಮ್ಮ ಮಾತೂ ಕೇಳಿ. ನಾವು ಮೂವರು ಈ ದಾರಿಯಲ್ಲೇ ಹೋಗುತ್ತಿರುತ್ತೇವೆ. ನೀರು, ಶೌಚಾಲಯ, ಕೂರೋಕೆ ಜಾಗ, ಇದನ್ನು ಮೊದಲು ಲೆಕ್ಕ ಹಾಕಿ ಆಮೇಲೆ ದಾರಿ ಹಾಕುತ್ತೇವೆ. ನಾಮದ ಚಿಲುಮೆ, ದುರ್ಗದ ದೇವಸ್ಥಾನ, ಗೊರವನಹಳ್ಳಿ ಮಹಾಲಕ್ಷ್ಮಿ ದೇವಸ್ಥಾನ. ಮೂರು ಕಡೆಯೂ ಜನ ಇರುತ್ತಾರೆ. ನಡುವೆ ಹಳ್ಳಿಗಳಲ್ಲಿ ನೀರು ಕೇಳಿದರೆ ಮಜ್ಜಿಗೆ ಕೊಡುತ್ತಾರೆ. ನಾಯಿ ಅಟ್ಟಿಸಿಕೊಂಡು ಬಂದರೆ ವೇಗ ಹೆಚ್ಚಿಸಬೇಡಿ. ಇಳಿದು ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಡೆಯಿರಿ. ಓಡುವ ಚಕ್ರ ಕಂಡರೆ ಅವಕ್ಕೆ ಹುಚ್ಚು, ನಿಂತರೆ ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ.

ದುರ್ಗದ ಮೇಲೆ ಕೋತಿಗಳಿವೆ. ಹ್ಯಾಂಡಲ್ ಬ್ಯಾಗಿನ ಜಿಪ್ ತೆಗೆಯೋದು ಅವಕ್ಕೆ ನಮಗಿಂತ ಚೆನ್ನಾಗಿ ಬರುತ್ತದೆ. ಬಾಳೆಹಣ್ಣು, ಚಿಕ್ಕಿ ಎಲ್ಲ ಕೆಳಗೇ ತಿಂದು ಮುಗಿಸಿ.

ಎರಡು ದಿನ ಆಗದವರಿಗೆ ನನ್ನ ಸಲಹೆ: ಮಂದರಗಿರಿ. ಪಂಡಿತನಹಳ್ಳಿಯ ಬಸದಿ ಬೆಟ್ಟ, ಹಿಂದೆ ಮೈದಾಳ ಕೆರೆ. ಸಂಜೆ ಕಚೇರಿ ಮುಗಿಸಿ ಹೋಗಿ ಬೆಳಕಿರುವಾಗಲೇ ಬರಬಹುದು. ಬಸದಿಯ ಮೆಟ್ಟಿಲ ಮೇಲೆ ಸೈಕಲ್ ಹೊಡೆಯಬೇಡಿ ದಯವಿಟ್ಟು. ಅದು ಜನ ಪೂಜೆ ಮಾಡುವ ಜಾಗ, ನಿಮ್ಮ ವಿಡಿಯೋಗೆ ಇಟ್ಟ ಮೆಟ್ಟಿಲಲ್ಲ.

ಶತಶೃಂಗ ಸವಾರಿ

ಕೋಲಾರದಿಂದ ಒಂದು ಮಾತು. ತುಮಕೂರಿನವರಿಗೆ ಮಾತ್ರ ಬೆಟ್ಟ ಇದೆ ಅಂದುಕೊಳ್ಳಬೇಡಿ. ಅಂತರಗಂಗೆ ಎಲ್ಲರಿಗೂ ಗೊತ್ತು, ಬಸವನ ಬಾಯಿಂದ ನೀರು ಬರುವ ಕಲ್ಯಾಣಿ. ಅದರ ಮೇಲಿನ ಶತಶೃಂಗ ಬೆಟ್ಟದ ನೆತ್ತಿ ಮೇಲೆ ಊರುಗಳಿವೆ, ತೇರಹಳ್ಳಿ, ಪಾಪರಾಜನಹಳ್ಳಿ. ತೇರಹಳ್ಳಿಗೆ ಟಾರು ರಸ್ತೆಯಲ್ಲಿ ಹತ್ತಿಬಿಟ್ಟರೆ ಮೇಲೆ ಊರಿಂದ ಊರಿಗೆ ಬಂಡೆ, ಹುಲ್ಲು, ಮಣ್ಣಿನ ದಾರಿ. ಕೋಲಾರ ಪಟ್ಟಣ ಪೂರ್ತಿ ಕೆಳಗೆ ಕಾಣುತ್ತದೆ. ನನ್ನ ಮಟ್ಟಿಗೆ ಮೂರು ಜಿಲ್ಲೆಯಲ್ಲೇ ಚೆಂದದ ಮಣ್ಣುದಾರಿ ಅದು. ದುರ್ಗದವರು ಜಗಳ ಆಡಬಹುದು.

ಕೋಲಾರದಲ್ಲಿ ಹಳೇ ಟ್ರ್ಯಾಕ್ ಫೈಲ್ (ಯಾರೋ ಹೋದ ದಾರಿಯ ಜಿಪಿಎಸ್ ದಾಖಲೆ) ಇಟ್ಟುಕೊಂಡು ಬರುವವರಿಗೆ ಎಚ್ಚರಿಕೆ. ಮೊದಲು ಕೆರೆಗಳು ಒಣಗಿದ್ದವು, ಕೆರೆ ಅಂಗಳದಲ್ಲೇ ಅಡ್ಡ ಹಾಯುತ್ತಿದ್ದೆವು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಬಂದು ಬಹಳ ಕೆರೆ ತುಂಬಿವೆ. ಫೈಲ್ ನೋಡಿಕೊಂಡು ಹೋದರೆ ನೇರ ನೀರಿಗೆ ಹೋಗುತ್ತೀರಿ.

ಕೆಜಿಎಫ್‌ನ ಸೈನೈಡ್ ದಿಬ್ಬಗಳ ಮೇಲೆ ಸೈಕಲ್ ಬಿಡುವ ವಿಡಿಯೋ ನೋಡಿ ಆಸೆ ಪಡಬೇಡಿ. ಚಿನ್ನ ತೆಗೆದ ಮೇಲೆ ಉಳಿದ ಪುಡಿ ಅದು. ಗಣಿ 2001ರಲ್ಲಿ ಮುಚ್ಚಿತು, ದಿಬ್ಬ ಹಾಗೇ ಇದೆ. ಗಾಳಿಗೆ ಏಳುವ ಆ ಧೂಳನ್ನು ಅಲ್ಲಿಯ ಜನ ಬೇರೆ ದಾರಿ ಇಲ್ಲದೆ ಉಸಿರಾಡುತ್ತಿದ್ದಾರೆ. ಮಜಕ್ಕೆ ಅಂತ ಹೋಗಿ ಏರುಸಿರು ಬಿಡೋದು ಯಾಕೆ? ಬಂಗಾರಪೇಟೆಯ ಕಾಮಸಮುದ್ರದ ಕಡೆಯೂ ಬೇಡ. ಗಡಿ ದಾಟಿ ಆನೆ ಬರುತ್ತವೆ.

ಕಳವಾರ ಕ್ಲೈಂಬರ್

ಚಿಕ್ಕಬಳ್ಳಾಪುರದಿಂದ ಹಾಜರಿ. ನಂದಿ 1,478 ಮೀಟರ್, ಎತ್ತರದಲ್ಲಿ ನಿಮ್ಮ ದುರ್ಗಕ್ಕಿಂತ ಮುಂದೆ. ಆದರೆ ಅದು ಪೂರ್ತಿ ಟಾರು, ವಾರದ ಕೊನೆಯಲ್ಲಿ ಕಾರುಗಳ ಸಾಲು. ಸ್ಕಂದಗಿರಿಗೆ ಟಿಕೆಟ್ ತೆಗೆದು ನಡೆದು ಹೋಗಬೇಕು, ಸೈಕಲ್ ಮಾತೇ ಇಲ್ಲ. ಬೆಟ್ಟಗಳ ಬುಡದಲ್ಲಿ ದ್ರಾಕ್ಷಿ ತೋಟದ ನಡುವೆ ಸುತ್ತಿ ಮುದ್ದೇನಹಳ್ಳಿ ಕಡೆ ಬರುವುದು ಚೆನ್ನಾಗಿದೆ. ಜಲ್ಲಿ ಟಿಪ್ಪರ್ ಓಡುವ ರಸ್ತೆ ಮಾತ್ರ ಬಿಟ್ಟುಬಿಡಿ. ಇದಕ್ಕೆ ಬೇರೆ ಚರ್ಚೆ ತೆರೆಯುತ್ತೇನೆ, ಇದು ತುಮಕೂರಿನವರ ಜಾಗ.

ಪಾವಗಡ ಪೆಡಲ್

ನಮ್ಮ ಕಡೆಗೂ ಬನ್ನಿ. 13,000 ಎಕರೆ ಸೋಲಾರ್ ಪಾರ್ಕು, ಸಮತಟ್ಟು ರಸ್ತೆ.

ಪಂಚರ್ ಪುರಾಣ

ನೆರಳು?

ಪಾವಗಡ ಪೆಡಲ್

ಪ್ಯಾನಲ್ ಕೆಳಗೆ ಇದೆ. ಬೇಲಿ ಹಾಕಿದ್ದಾರೆ.

ಬೆಟ್ಟದ ಬ್ರೇಕು

ನನ್ನ ಹೆಸರಿಗೆ ತಕ್ಕ ಹಾಗೆ ಒಂದು ಉಪಯೋಗದ ಮಾತು ಹೇಳುತ್ತೇನೆ, ಇಷ್ಟು ಹೊತ್ತು ಜಗಳಕ್ಕೆ ನಿಂತಿದ್ದೆ. ತುಮಕೂರು ಪಟ್ಟಣ ಇರುವುದು ಸುಮಾರು 820 ಮೀಟರ್ ಎತ್ತರದಲ್ಲಿ, ದುರ್ಗದ ನೆತ್ತಿ ಸುಮಾರು 1,200. ಹತ್ತುವುದು ಮುಂದೆ 32, ಹಿಂದೆ 50 ಹಲ್ಲಿನ ಗೇರಿದ್ದರೆ ಕಷ್ಟವಲ್ಲ, ತಾಳ್ಮೆ ಬೇಕು ಅಷ್ಟೇ. ಊರ್ಡಿಗೆರೆ ಕಡೆ ಇಳಿಯುವಾಗ ಹೊಸಬರು ಉದ್ದಕ್ಕೂ ಬ್ರೇಕು ಹಿಡಿದೇ ಇಳಿಯುತ್ತಾರೆ. ಡಿಸ್ಕು ಕಾದು ಬ್ರೇಕು ಮೆತ್ತಗಾಗುತ್ತದೆ, ಪ್ಯಾಡಿನ ಮೇಲ್ಮೈ ಗಾಜಿನ ಹಾಗೆ ನುಣುಪಾಗುತ್ತದೆ. ಹಾಗೆ ಮಾಡಬೇಡಿ. ತಿರುವಿಗೆ ಮೊದಲು ಗಟ್ಟಿಯಾಗಿ ಒತ್ತಿ, ಬಿಡಿ, ತಣಿಯಲಿ. ಕೆಳಗೆ ಹೋದ ಮೇಲೆ ಡಿಸ್ಕು ಮುಟ್ಟಿ ನೋಡುವ ಚಪಲ ಬೇಡ, ಬೆರಳು ಸುಡುತ್ತದೆ. ಕೇಬಲ್ ಡಿಸ್ಕ್ ಇದ್ದರೆ ಕೊರಟಗೆರೆಯಲ್ಲಿ ರಾತ್ರಿ ಒಮ್ಮೆ ಬಿಗಿ ಮಾಡಿಕೊಳ್ಳಿ, ಪ್ಯಾಡು ಸವೆದಿರುತ್ತದೆ.

ನಿರ್ವಾಹಕ

ತೀತಾ ಕಡೆಯವರ ಪೋಸ್ಟ್ ಪಿನ್ ಮಾಡಿದ್ದೇನೆ. ಕಾಡಿನೊಳಗಿನ ಟ್ರ್ಯಾಕ್ ಫೈಲ್ ಯಾರೂ ಇಲ್ಲಿ ಹಾಕಬೇಡಿ, ತೆಗೆದುಹಾಕುತ್ತೇವೆ. ಊರ ದಾರಿಯ ಫೈಲ್ ಹಾಕುವವರು ಯಾವ ತಿಂಗಳಲ್ಲಿ ಹೋಗಿದ್ದು ಅಂತ ಬರೆಯಿರಿ. ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ ಕೋಡಿ ಬಿದ್ದರೆ ಅದೇ ದಾರಿ ಹಳ್ಳ ಆಗಿರುತ್ತದೆ.

ಕ್ಯಾತ್ಸಂದ್ರ ಕ್ರ್ಯಾಂಕ್

ಎಲ್ಲ ಓದಿ ದಾರಿ ಬದಲಾಯಿಸಿದ್ದೇವೆ. ಶನಿವಾರ 7 ಗಂಟೆಗೆ ಹೊರಟು ಟಾರು ರಸ್ತೆಯಲ್ಲೇ ನಾಮದ ಚಿಲುಮೆ, ದುರ್ಗ. ಕಾಡೊಳಗೆ ಇಳಿಯುವುದಿಲ್ಲ. ಊರ್ಡಿಗೆರೆಯಿಂದ ಆಚೆ ನಕಾಶೆಯ ಬಂಡಿ ದಾರಿ ಹಿಡಿದು ತೀತಾ, ಗೊರವನಹಳ್ಳಿ, 5 ಗಂಟೆ ಒಳಗೆ ಕೊರಟಗೆರೆ. ಭಾನುವಾರ ಮೊದಲು ಚನ್ನರಾಯನದುರ್ಗದ ಹಾಸುಬಂಡೆ, ಆಮೇಲೆ ಬಿಸಿಲು ಏರಿದ ಮೇಲೆ ತೋವಿನಕೆರೆ ಮೇಲೆ ವಾಪಸ್. ಸಿದ್ದರಬೆಟ್ಟ ಬಿಟ್ಟೆವು, ಅಲ್ಲಿಗೆ ನಡೆದು ಹತ್ತೋಕೆ ಅಂತಲೇ ಇನ್ನೊಮ್ಮೆ ಹೋಗೋಣ ಅಂತ.

ಗಂಟೆ ನಾಲ್ಕು ತಂದೆವು. ಸೈಕಲ್ ಅಂಗಡಿಯವರು ಇಷ್ಟು ದುಬಾರಿ ಸೈಕಲ್ಲಿಗೆ ಹಾಲಿನವರ ಗಂಟೆಯಾ ಅಂತ ನಕ್ಕರು. ಕರಡಿ ವಿಷಯ ಹೇಳಿದ ಮೇಲೆ ಸುಮ್ಮನಾದರು.

ಒಂದೇ ತೊಂದರೆ. ಒಬ್ಬನ ಸೈಕಲ್ಲಿಗೆ ಬಿಡಿ ಹ್ಯಾಂಗರ್ ಸಿಗುತ್ತಿಲ್ಲ. ರಾಕ್‌ರೈಡರ್, ಹಳೆಯದು, 27.5 ಇಂಚಿನ ಚಕ್ರ.

ಪಂಚರ್ ಪುರಾಣ

ಈಗಿರುವ ಹ್ಯಾಂಗರ್ ಬಿಚ್ಚಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಎರಡೂ ಬದಿಯ ಫೋಟೋ ಹಾಕಿ. ಸ್ಕ್ರೂ ತೂತು ಎಷ್ಟಿದೆ, ನಡುವೆ ಅಂತರ ಎಷ್ಟು ಅಂತ ಕಾಣಬೇಕು. ನನ್ನ ಡಬ್ಬಿಯಲ್ಲಿ ಹಳೇ ಹ್ಯಾಂಗರ್ ಒಂದಿಷ್ಟು ಬಿದ್ದಿವೆ. ಹೊಂದಿದರೆ ಶುಕ್ರವಾರ ಸಂಜೆ ಬಂದು ತೆಗೆದುಕೊಂಡು ಹೋಗಲಿ.

ತೀತಾ ಕಡೆಯವನು

ಶನಿವಾರ ಬರುವುದು ಅಂದಿರಲ್ಲ, ನಮ್ಮ ಊರ ದಾರಿಯಲ್ಲಿ ಆ ದಿನ ಹುರುಳಿ ಇರುತ್ತದೆ. ಶಾಲೆ ಹಿಂದಿನ ಕೆರೆ ಏರಿ ಮೇಲೆ ಬನ್ನಿ, ತೂಬಿನ ಹತ್ತಿರ ಎಡಕ್ಕೆ ಇಳಿದರೆ ಮತ್ತೆ ಅದೇ ದಾರಿ ಸಿಗುತ್ತದೆ.